ತಾರಕ್ಕನ ಲಾಂಡ್ರಿ ಯಾತಕ್ಕೆ

ತಾರಕ್ಕನ ಲಾಂಡ್ರಿ ನಿಂತುಹೋದ ದಿನ ನಮ್ಮೂರಿನ ಪೊಲೀಸರೆಲ್ಲ ಲುಂಗಿಯಲ್ಲೇ ಡ್ಯೂಟಿಗೆ ಹೋದರು. ಆಸ್ಪತ್ರೆಯ ರೋಗಿಗಳು ಮನೆಯಿಂದ ತರಿಸಿಕೊಂಡ ನವಿಲಿನ ಚಿತ್ರದ ಹೊದಿಕೆಗಳ ಮೇಲೆ ಮಲಗಿದರು. ಹೈಸ್ಕೂಲಿನ ಹೆಡ್‌ಮಿಸ್ಸು ಬೇರೆ ಸೀರೆ ಇಲ್ಲದೆ ತಮ್ಮ ಮದುವೆಯ ರೇಷ್ಮೆ ಸೀರೆ ಉಟ್ಟುಕೊಂಡು ಪ್ರಾರ್ಥನೆಗೆ ಬಂದರು. ಅದನ್ನು ನೋಡಿದ ಮಕ್ಕಳು ಇವತ್ತು ಏನೋ ಹಬ್ಬ ಇರಬೇಕು ಎಂದುಕೊಂಡು ಚೀಲ ಎತ್ತಿಕೊಂಡು ಮನೆಗೆ ಓಡಿಹೋದವು. ಊರಿಗೆಲ್ಲ ಇದ್ದದ್ದು ಅದೊಂದೇ ಲಾಂಡ್ರಿ. ಮನೆಯಲ್ಲಿ ಬಟ್ಟೆ ಒಗೆಯುವ ಅಭ್ಯಾಸ ನಮಗೆಲ್ಲ ಯಾವತ್ತೋ ತಪ್ಪಿಹೋಗಿತ್ತು.

ನಾನು ಆಗಷ್ಟೇ ಎದ್ದು, ನಲ್ಲಿಯ ಮುಂದೆ ನಿಂತು, ಮುಖ ತೊಳೆಯೋಕೆ ಅಂತ ಹೇಳಿ ನೀರು ಬಿಡಿಸಿಕೊಳ್ಳುತ್ತಿದ್ದೆ. ಹೊರಗಿನಿಂದ ತಾರಕ್ಕನ ದನಿ ಕೇಳಿತು. ವರ್ಷಗಟ್ಟಲೆ ಮಿಷನ್ನುಗಳ ಸದ್ದಿನ ನಡುವೆ ಮಾತಾಡಿ ಮಾತಾಡಿ ಅವಳ ದನಿ ಯಾವಾಗಲೂ ಎರಡು ಮನೆ ಆಚೆಗೆ ಕೇಳುವಂತಿರುತ್ತದೆ.

“ಶ್ರೀಪಾಲ, ಇದ್ದೀಯೇನೋ? ನನ್ನ ಲಾಂಡ್ರಿ ನಿಂತ್ಹೋಗಿದೆ.”

“ಏನಂತೆ ಅದಕ್ಕೆ?”

“ಕೆಲಸ ಮುಗೀತಂತೆ. ಬಂದು ನೋಡು.”

ನಮ್ಮೂರಿನಲ್ಲಿ ಯಾವ ಯಂತ್ರವೂ, ಯಾತಕ್ಕೆ ಎಂದು ಹೇಳದೆ ಕೆಲಸ ಮಾಡುವುದಿಲ್ಲ. ಸುಳ್ಳು ಹೇಳಿದರೂ ಮಾಡುವುದಿಲ್ಲ. ನಾವು ಹುಟ್ಟಿದಾಗಿನಿಂದ ಹಾಗೇ ಇರುವುದರಿಂದ ನಮಗೆ ಅದೊಂದು ದೊಡ್ಡ ವಿಷಯ ಅನ್ನಿಸುವುದಿಲ್ಲ. ನೆಂಟರಿಗೆ ರುಚಿಯಾಗಿ ಚಟ್ನಿ ಮಾಡೋಕೆ ಎಂದರೆ ಸುಮ್ಮನಿರುವ ಮಿಕ್ಸಿ, ಬೇಗ ತಿಂದು ಹೊರಟುಹೋಗಲಿ ಎಂದ ಕೂಡಲೇ ಗಿರ್ರೆಂದು ತಿರುಗುತ್ತದೆ. ಅದಕ್ಕೇ ಇಲ್ಲಿನ ಹೆಂಗಸರು ಅಡುಗೆಮನೆಯ ಬಾಗಿಲು ಮುಚ್ಚಿಕೊಂಡೇ ರುಬ್ಬುತ್ತಾರೆ. ತಾಲೂಕು ಕಚೇರಿಯ ಲಿಫ್ಟಿನಲ್ಲಿ ಮೂರನೇ ಮಹಡಿಗೆ ಯಾತಕ್ಕೆ ಹೋಗುತ್ತಿದ್ದೇವೆ ಎಂದು ನಾಲ್ಕು ಜನರ ಎದುರು ಹೇಳಬೇಕಾಗುತ್ತದೆ. ಹಾಗಾಗಿ ಸಾಹೇಬರಿಂದ ಹಿಡಿದು ದಲ್ಲಾಳಿಯವರೆಗೆ ಎಲ್ಲರೂ ಮೆಟ್ಟಿಲು ಹತ್ತುತ್ತಾರೆ.

ಮಿಕ್ಸಿಗೆ ಒಂದು ಮಾತು ಸಾಕು. ಅಂಗಡಿ, ಕಾರ್ಖಾನೆ ನಡೆಸುವ ಸಾಫ್ಟ್‌ವೇರಿನ ಗೋಳು ಬೇರೆ. ಅದು ಒಂದೇ ಮನೆಯಲ್ಲಿ ಐದಾರು ಜನ ಅಣ್ಣತಮ್ಮಂದಿರು ಇದ್ದ ಹಾಗೆ. ತಾರಕ್ಕನಲ್ಲಿ ಬಟ್ಟೆ ತೆಗೆದುಕೊಳ್ಳುವ ಸೇವೆ ಒಂದು, ಬಣ್ಣ ನೋಡಿ ವಿಂಗಡಿಸುವುದು ಒಂದು, ಒಗೆಸುವುದು ಒಂದು, ಇಸ್ತ್ರಿಗೆ ಹಂಚುವುದು ಒಂದು, ಆಟೋದಲ್ಲಿ ಮನೆಮನೆಗೆ ಕಳಿಸುವುದು ಒಂದು, ದೂರು ಕೇಳಿಸಿಕೊಳ್ಳುವುದು ಇನ್ನೊಂದು. ಒಬ್ಬೊಬ್ಬನಿಗೂ ಯಾತಕ್ಕೆ ಎಂದು ಹೇಳಬೇಕು, ಎಲ್ಲ ಸೇರಿ ಯಾತಕ್ಕೆ ಎಂದೂ ಹೇಳಬೇಕು. ಅದನ್ನು ಹೇಳಿಕೊಡುವುದೇ ನನ್ನ ಕಸುಬು. ದೊಡ್ಡ ಹಾಳೆಯ ತಲೆಯಲ್ಲಿ ಯಜಮಾನರ ಆಸೆ ಬರೆಯುತ್ತೇನೆ. ಕೆಳಗೆ ಸೇವೆಗೊಂದು ಚೌಕ, ಚೌಕದಿಂದ ಚೌಕಕ್ಕೆ ಗೆರೆ. ಹಾಳೆಯನ್ನು ಯಂತ್ರದ ಕಣ್ಣಿಗೆ ಹಿಡಿದರೆ ಅದು ಓದಿಕೊಂಡು ಅದರಂತೆ ನಡೆಯುತ್ತದೆ. ಸಂಜೆ ಹೋಗಿ ಎಲ್ಲಿ ವಕ್ರವಾಯಿತು ನೋಡಿ, ಅಳಿಸಿ, ತಿದ್ದಿ, ಮತ್ತೆ ಹಿಡಿಯುತ್ತೇನೆ. ಮೊದಲ ನಕ್ಷೆಯೇ ಸರಿಹೋದದ್ದು ನನ್ನ ಅನುಭವದಲ್ಲಿ ಇಲ್ಲ.

ಲಾಂಡ್ರಿಗೆ ಹೋಗಿ ನೋಡಿದರೆ ಯಂತ್ರಗಳೆಲ್ಲ ಹೊಟ್ಟೆ ತುಂಬ ನೆನೆದ ಬಟ್ಟೆ ಇಟ್ಟುಕೊಂಡು ಮೌನವಾಗಿದ್ದವು. ಪರದೆಯ ಮೇಲೆ, ‘ಹೇಳಿದ ಕಾರಣ ಈಡೇರಿದೆ. ಮುಂದಿನದು ತಿಳಿಸಿ’ ಎಂದಿತ್ತು.

“ಶುರುವಿನಲ್ಲಿ ಏನಂತ ಹೇಳಿದ್ರಿ, ತಾರಕ್ಕ?”

ಅವಳು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. “ಪ್ರಭೆ ಡಾಕ್ಟರಾಗಲಿ ಅಂತ ಹೇಳಿದ್ದೆ.”

ಪ್ರಭೆ ಅವಳ ತಂಗಿ. ತಾಯಿ ತಂದೆ ತೀರಿಕೊಂಡಾಗ ಪ್ರಭೆ ಇನ್ನೂ ಲಂಗ ಹಾಕುವ ಹುಡುಗಿ. ತಾರಕ್ಕ ಮದುವೆಯ ಮಾತನ್ನು ಪಕ್ಕಕ್ಕಿಟ್ಟು ಲಾಂಡ್ರಿ ಹಾಕಿದಳು. ಹಿಂದಿನ ಸಂಜೆ ದೂರದ ಊರಿನಿಂದ ಪ್ರಭೆ ಫೋನು ಮಾಡಿ ಪಾಸಾಯಿತು ಎಂದಿದ್ದಳು. ತಾರಕ್ಕ ಬೀದಿಗೆಲ್ಲ ಪೇಡ ಹಂಚಿದ್ದಳು. ಅಷ್ಟರಲ್ಲಿ ಲಾಂಡ್ರಿಗೂ ಸುದ್ದಿ ಗೊತ್ತಾಗಿ ಅದು ತನ್ನ ಕೆಲಸ ಮುಗಿಸಿತ್ತು.

“ಸರಿ, ಈಗ ಯಾತಕ್ಕೆ ಅಂತ ಬರೀಲಿ?”

“ಎಲ್ಲರೂ ಯಾತಕ್ಕಪ್ಪಾ ವ್ಯಾಪಾರ ಮಾಡೋದು? ಲಾಭಕ್ಕೆ ಅಂತ ಬರಿ.”

ಬರೆದೆ. ಹಾಳೆ ಹಿಡಿದ ಕೂಡಲೇ ದೀಪಗಳು ಹತ್ತಿಕೊಂಡವು. ನಮಗೆಲ್ಲ ಖುಷಿಯಾಯಿತು. ಮಧ್ಯಾಹ್ನದ ಹೊತ್ತಿಗೆ ಇಸ್ತ್ರಿ ಮೇಸ್ತ್ರಿ ದಾದಾಪೀರ್ ಸಾಬರು ಒಂದು ಸೀರೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಬಂದರು.

“ಅಕ್ಕೋರೆ, ಇದನ್ನ ಒಗೆದಿಲ್ಲ.”

ಯಾವುದನ್ನೂ ಒಗೆದಿರಲಿಲ್ಲ. ಸೋಪು, ನೀರು, ಕರೆಂಟು ಎಲ್ಲ ಖರ್ಚಿನ ಬಾಬತ್ತು ಎಂದು ಯಂತ್ರ ಲೆಕ್ಕ ಹಾಕಿ, ಬಂದ ಬಟ್ಟೆಯನ್ನು ನೇರವಾಗಿ ಇಸ್ತ್ರಿಗೆ ಕಳಿಸುತ್ತಿತ್ತು. ಹೆಡ್‌ಮಿಸ್ಸಿನ ನಿತ್ಯದ ಸೀರೆಯ ಮೇಲಿನ ಸಾಂಬಾರಿನ ಕಲೆ ಇಸ್ತ್ರಿ ತಿಂದು ಫಳಫಳ ಹೊಳೆಯುತ್ತಿತ್ತು.

“ನಲವತ್ತು ವರ್ಷ ಇಸ್ತ್ರಿ ಮಾಡಿದೀನಿ. ಬೆವರಿಗೆ ಇಸ್ತ್ರಿ ಮಾಡು ಅಂದವರು ಯಾರೂ ಇಲ್ಲ,” ಎಂದು ಸಾಬರು ಸೀರೆಯನ್ನು ಮೇಜಿನ ಮೇಲಿಟ್ಟು ಬೀಡಿ ಸೇದಲು ಹೊರಗೆ ಹೋದರು.

ಅಳಿಸಿದೆ. ತಾರಕ್ಕ ಸ್ವಲ್ಪ ಯೋಚಿಸಿ, “ಬಟ್ಟೆ ಶುಭ್ರವಾಗಿರಬೇಕು ಅಂತ ಬರಿ. ಲಾಂಡ್ರಿ ಅಂದ್ರೆ ಇನ್ನೇನು?” ಎಂದಳು. ನನಗೂ ಸರಿ ಅನ್ನಿಸಿತು. ಮರುದಿನ ಯಂತ್ರಗಳು ಹಿಂದೆಂದೂ ಒಗೆಯದ ಹಾಗೆ ಒಗೆದವು. ಪೊಲೀಸರ ಖಾಕಿ, ಆಸ್ಪತ್ರೆಯ ಬಿಳಿ ಹಾಸು, ವಕೀಲರ ಕಪ್ಪು ಕೋಟು, ಎಲ್ಲ ಮಿಂಚುತ್ತ ಗಾಜಿನ ಕಪಾಟುಗಳಲ್ಲಿ ಕುಳಿತವು. ಕುಳಿತವು ಅಂದರೆ ಅಲ್ಲೇ ಕುಳಿತವು. ಆಟೋಗಳು ಖಾಲಿ ನಿಂತಿದ್ದವು. ಯಾಕೆ ಕಳಿಸುತ್ತಿಲ್ಲ ಎಂದು ಕೇಳಿದರೆ ಪರದೆಯ ಮೇಲೆ, ‘ಹೊರಗೆ ಹೋದರೆ ಕೊಳೆಯಾಗುತ್ತವೆ’ ಎಂದು ಬಂತು. ಕಪಾಟಿನ ಬೀಗವನ್ನೂ ಅದೇ ಹಾಕಿಕೊಂಡಿತ್ತು.

ಇನ್‌ಸ್ಪೆಕ್ಟರ್ ಗಂಗಾಧರಯ್ಯನವರು ಲುಂಗಿಯಲ್ಲಿ ಬಂದು ಗಾಜಿನ ಆಚೆ ತೂಗುತ್ತಿದ್ದ ತಮ್ಮ ಯೂನಿಫಾರ್ಮನ್ನು ಬಹಳ ಹೊತ್ತು ನೋಡಿದರು. ಜೊತೆಗೆ ಬಂದಿದ್ದ ಪೇದೆ ಅಭ್ಯಾಸಬಲದಿಂದ ಯೂನಿಫಾರ್ಮಿಗೆ ಸೆಲ್ಯೂಟ್ ಹೊಡೆದ. ಪಕ್ಕದಲ್ಲೇ ನಿಂತಿದ್ದ ಸಾಹೇಬರಿಗೆ ಹೊಡೆಯಲಿಲ್ಲ.

“ನೋಡಮ್ಮ,” ಎಂದರು ಇನ್‌ಸ್ಪೆಕ್ಟರು ತಾರಕ್ಕನಿಗೆ, “ನಿನ್ನೆ ಒಬ್ಬ ಕಳ್ಳನ್ನ ಹಿಡಿದೆ. ಅವನು ನನ್ನನ್ನೇ ಯಾರು ನೀವು ಅಂತ ಕೇಳಿದ. ನಾನೇನು ಹೇಳ್ಲಿ?”

ತಾರಕ್ಕನಿಗೆ ಸಿಟ್ಟು ಬಂತು. ಅವತ್ತು ಬೆಳಗ್ಗಿನಿಂದ ದೂರು ಕೇಳಿ ಕೇಳಿ ಅವಳ ಕಿವಿ ತೂತುಬಿದ್ದಿತ್ತು. “ಯಾರೂ ನನ್ನ ಹತ್ರ ದೂರು ಹೇಳಬಾರದು. ಅಷ್ಟೇ ಬರಿ, ಇನ್ನೇನೂ ಬರೀಬೇಡ,” ಎಂದಳು. ಯಜಮಾನರು ಸಿಟ್ಟಿನಲ್ಲಿ ಹೇಳಿದ್ದನ್ನು ನಕ್ಷೆಗೆ ಏರಿಸಬಾರದು ಎಂದು ನನಗೆ ಗೊತ್ತು. ಆದರೆ ತಾರಕ್ಕನ ಮುಂದೆ ನಿಂತು ಇಲ್ಲ ಅನ್ನುವ ಧೈರ್ಯ ಊರಿನಲ್ಲಿ ಯಾರಿಗಿದೆ? ಏರಿಸಿದೆ.

ಯಂತ್ರ ಗಿರಾಕಿಗಳನ್ನು ಒಬ್ಬೊಬ್ಬರಾಗಿ ಕೈಬಿಡತೊಡಗಿತು. ಬಾಯಿ ಇರುವವರು ಹೊಸದಾಗಿ ತಂದ ಬಟ್ಟೆಯನ್ನೆಲ್ಲ ವಾಪಸು ಕಳಿಸಿತು. ಕಪಾಟಿನೊಳಗಿನ ಬಟ್ಟೆ ಮಾತ್ರ ಬೀಗ ಬಿದ್ದ ಹಾಗೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಆಟೋಗಳು ಬಜಾರಿನ ಜವಳಿ ಅಂಗಡಿಯ ಮುಂದೆ ಸಾಲುಗಟ್ಟಿ, ಗಾಜಿನೊಳಗೆ ನಿಂತ ಬೊಂಬೆಗಳ ಮೈಮೇಲಿನ ಸೀರೆ, ಶೇರ್ವಾನಿ ಬಿಚ್ಚಿಕೊಂಡು ಬಂದವು. ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ, ಸಂಜೆಯೊಳಗೆ ಹಿಂದಿರುಗಿಸಿದವು. ಮರುದಿನ ಮತ್ತೆ ಬಿಚ್ಚಿಕೊಂಡು ಬಂದವು. ಜವಳಿ ಅಂಗಡಿಯ ಯಜಮಾನರು ಬಂದು ಕಿರುಚಾಡಿದರು. ದೂರು ಕೇಳುವ ಸೇವೆ ಅವರಿಗೆ ವಿನಯದಿಂದ, ‘ನೀವು ನಮ್ಮ ಗಿರಾಕಿಯಲ್ಲ. ನಮ್ಮ ಗಿರಾಕಿಗಳು ತೃಪ್ತರಾಗಿದ್ದಾರೆ’ ಎಂದು ಉತ್ತರ ಕೊಟ್ಟಿತು.

ಅಷ್ಟರಲ್ಲಿ ಪ್ರಭೆ ಊರಿಗೆ ಬಂದಳು. ನಮ್ಮೂರಿನ ಆಸ್ಪತ್ರೆಯಲ್ಲೇ ಅವಳಿಗೆ ಕೆಲಸ ಸಿಕ್ಕಿತ್ತು. ಬಸ್ಸಿನಿಂದ ಇಳಿದವಳೇ ನೆಟ್ಟಗೆ ಲಾಂಡ್ರಿಗೆ ಬಂದು, ಬೊಂಬೆಯ ಲಂಗವೊಂದಕ್ಕೆ ಗಂಜಿ ಹಾಕುತ್ತಿದ್ದ ಅಕ್ಕನ ಕೈ ಹಿಡಿದುಕೊಂಡಳು.

“ಸಾಕಕ್ಕ, ನಿಲ್ಲಿಸಿಬಿಡು. ಇಷ್ಟು ದಿನ ನನಗೋಸ್ಕರ ದುಡಿದೆ. ಇನ್ನು ಮನೇಲಿ ಆರಾಮಾಗಿರು. ನಾನು ನೋಡ್ಕೋತೀನಿ.”

“ಇಷ್ಟು ಜನ ಕೆಲಸದೋರು?”

“ಎಲ್ಲರಿಗೂ ಬೇರೆ ಕಡೆ ಕೆಲಸ ಹುಡುಕೋಣ.”

ದಾದಾಪೀರ್ ಸಾಬರು ಇಸ್ತ್ರಿಪೆಟ್ಟಿಗೆಯ ಕೆಂಡ ಕೆದಕಿದರು. ತಾರಕ್ಕ ತಂಗಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ನಕ್ಷೆಯ ಹಾಳೆಯನ್ನು ಕಿತ್ತುಕೊಂಡು, “ಊರಿನ ಸೇವೆಗಾಗಿ ಅಂತ ಬರಿ,” ಎಂದಳು. ಬರೆದು ಹಿಡಿದೆ. ಪರದೆ ಕಪ್ಪಗಾಯಿತು. ಒಂದು ದೀಪವೂ ಮಿಣುಕಲಿಲ್ಲ. ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. ತಾರಕ್ಕ ಕೀಲಿಗೊಂಚಲನ್ನು ಸಾಬರ ಮೇಜಿನ ಮೇಲಿಟ್ಟು ತಂಗಿಯ ಜೊತೆ ಮನೆಗೆ ಹೋದಳು.

ಒಂದೆರಡು ದಿನ ಬಿಟ್ಟು ಅವರ ಮನೆಗೆ ಹೋದೆ. ಬೇಸಗೆಯ ಮಧ್ಯಾಹ್ನ, ಹೆಂಚು ಸುಡುತ್ತಿತ್ತು. ತಾರಕ್ಕ ಕುರ್ಚಿಯಲ್ಲಿ ಕುಳಿತು ಹಳೆಯ ಕ್ಯಾಲೆಂಡರಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದಳು. ತಲೆಯ ಮೇಲೆ ಫ್ಯಾನು ನಿಂತಿತ್ತು.

“ಫ್ಯಾನು ಹಾಕ್ಕೊಳ್ಳೋದಲ್ವಾ?”

“ತಿರುಗಲ್ಲ ಕಣೋ. ವಿಶ್ರಾಂತಿ ತಗೊಳ್ಳೋಕೆ ಅಂತ ಹೇಳಿದೆ, ತಿರುಗಲಿಲ್ಲ. ಆರಾಮಾಗಿರೋಕೆ ಅಂದೆ, ಆಗಲೂ ಇಲ್ಲ. ಸೆಕೆ ಆಗ್ತಿದೆ ಅಂತ ಬೇಡಿಕೊಂಡೆ. ಸೆಕೆ ಹೋಗಿ ಏನಾಗ್ಬೇಕು ಅನ್ನೋ ಹಂಗೆ ನೋಡ್ತು.”

ನಲ್ಲಿಯೂ ಅವಳಿಗೆ ನೀರು ಬಿಡುತ್ತಿರಲಿಲ್ಲ. ಒಲೆಯೂ ಹತ್ತುತ್ತಿರಲಿಲ್ಲ. ಬೆಳಗ್ಗೆ ಪ್ರಭೆ ಹೊರಗೆ ಹೋಗುವ ಮುಂಚೆ, ನನ್ನ ಅಕ್ಕನಿಗೆ ಅಂತ ಹೇಳಿ ಕೊಡಗಳನ್ನು ತುಂಬಿಸಿ, ಅನ್ನ ಬೇಯಿಸಿ ಮುಚ್ಚಿಟ್ಟು ಹೋಗುತ್ತಿದ್ದಳು. ತಂಗಿ ಹೇಳಿದರೆ ಎಲ್ಲವೂ ನಡೆಯುತ್ತಿತ್ತು.

“ನಾನು ಹೇಳೋದೆಲ್ಲ ಸುಳ್ಳಾಗಿಹೋಯ್ತಲ್ಲ,” ಎಂದಳು ತಾರಕ್ಕ. ಅವಳ ದನಿ ಅವತ್ತು ಆ ಕೋಣೆಯ ಆಚೆಗೂ ಕೇಳುವಂತಿರಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ. ಪೊಲೀಸರು ಲುಂಗಿಯಲ್ಲಿ ಓಡಾಡಿದರೆ ಯಾರೂ ಸಾಯುವುದಿಲ್ಲ. ಆದರೆ ಇವಳು ಈ ಕುರ್ಚಿಯಲ್ಲೇ ಒಣಗಿಹೋಗಬಹುದು ಅನ್ನಿಸಿತು.

ನಾನು ಜೇಬಿನಿಂದ ಪೆನ್ಸಿಲು ತೆಗೆದು ತಿರುಗಿಸುತ್ತ ಕೂತಿದ್ದೆ. ಆಗ ಆಸ್ಪತ್ರೆಯ ದೊಡ್ಡ ಸಿಸ್ಟರ್ ಫಿಲೋಮಿನಾ ಏದುಸಿರು ಬಿಡುತ್ತ ಒಳಗೆ ಬಂದರು. ಹಿಂದೆ ಇಬ್ಬರು ಆಯಾಗಳು ಕೈಗಾಡಿ ತುಂಬ ಕೊಳೆ ಹಾಸುಗಳನ್ನು ತಳ್ಳಿಕೊಂಡು ಬಂದು ಅಂಗಳದಲ್ಲಿ ನಿಂತರು.

“ತಾರಮ್ಮ, ನಾಳೆ ಬೆಳಗ್ಗೆ ಆಪರೇಷನ್ ಇದೆ. ಗರ್ಭಿಣಿ, ಮುಂದಕ್ಕೆ ಹಾಕೋ ಹಂಗಿಲ್ಲ. ಒಗೆದದ್ದೆಲ್ಲ ನಿಮ್ಮ ಗಾಜಿನ ಕಪಾಟಿನೊಳಗೆ ಸಿಕ್ಕಿಹಾಕ್ಕೊಂಡಿದೆ, ಒಂದು ಚೊಕ್ಕ ಬಟ್ಟೆ ಇಲ್ಲ ನಮ್ಮ ಹತ್ರ. ನವಿಲಿನ ಚಾದರದ ಮೇಲೆ ಹೊಟ್ಟೆ ಕೊಯ್ಯೋಕಾಗುತ್ತಾ, ನೀವೇ ಹೇಳಿ.”

“ಲಾಂಡ್ರಿ ನಿಂತಿದೆ ಸಿಸ್ಟರ್.”

“ಗೊತ್ತು. ಅದಕ್ಕೇ ನಿಮ್ಮ ಹತ್ರ ಬಂದಿದ್ದು.”

ತಾರಕ್ಕ ಕೈಗಾಡಿಯನ್ನು ನೋಡಿದಳು. ಎದ್ದಳು. ಸೆರಗು ಸಿಕ್ಕಿಸಿಕೊಂಡಳು. ಕೈಗಳಿಗೆ ಯಾತಕ್ಕೆ ಎಂದು ಹೇಳಬೇಕಾಗಿಲ್ಲ ಎಂಬುದು ನಮ್ಮೂರಿನವರಿಗೆ ಮರೆತೇ ಹೋಗಿತ್ತು.

ಲಾಂಡ್ರಿಯ ಹಿತ್ತಲಿನಲ್ಲಿ, ಮಿಷನ್ನು ಬರುವ ಮುಂಚಿನ ಒಗೆಯುವ ಕಲ್ಲುಗಳಿದ್ದವು. ಅವುಗಳ ಮೇಲೆ ಬೆಕ್ಕುಗಳು ಮಲಗುತ್ತಿದ್ದವು. ಬೆಕ್ಕುಗಳನ್ನು ಎಬ್ಬಿಸಿ ಓಡಿಸಿದೆವು. ಬಾವಿಗೆ ಹಗ್ಗ ಕಟ್ಟಿ ನೀರು ಸೇದಿದೆವು. ಕೆಲಸದವರೆಲ್ಲ ಒಬ್ಬೊಬ್ಬರಾಗಿ ಬಂದರು. ದಾದಾಪೀರ್ ಸಾಬರು ಇದ್ದಿಲು ಹೊತ್ತಿಸಿದರು. ಸುದ್ದಿ ಕೇಳಿ ಪ್ರಭೆ ಓಡಿಬಂದಳು. ಅವಳು ಹಾಸನ್ನು ಕಲ್ಲಿಗೆ ಹೊಡೆದ ರೀತಿಗೆ ನೀರೆಲ್ಲ ಇನ್‌ಸ್ಪೆಕ್ಟರ ಮುಖಕ್ಕೆ ಎರಚಿತು. ಅವರು ತಮ್ಮ ಯೂನಿಫಾರ್ಮಿನ ಬಗ್ಗೆ ವಿಚಾರಿಸಲು ಬಂದವರು, ವಿಚಾರಿಸದೆ ಹಿಂಡಲು ನಿಂತರು. ಲುಂಗಿ ಆ ಕೆಲಸಕ್ಕೆ ಅನುಕೂಲವಾಗಿಯೇ ಇತ್ತು.

ತಾರಕ್ಕ ಒಗೆಯುವುದನ್ನು ನಾನು ಮೊದಲ ಸಲ ನೋಡಿದ್ದು ಅವತ್ತು. ತೋಳು ಎತ್ತಿ ಬೀಸಿದರೆ ಹಾಸು ಗಾಳಿಯಲ್ಲಿ ಒಂದು ಸುತ್ತು ಸುತ್ತಿ ಕಲ್ಲಿನ ಮೇಲೆ ಧಪ್ಪೆಂದು ಬೀಳುತ್ತಿತ್ತು. ಬಾಯಲ್ಲಿ ಬೈಗುಳ ನಡೆದೇ ಇತ್ತು, ಹಾಸುಗಳಿಗೆ, ಬಿಸಿಲಿಗೆ, ನನಗೆ. ಮುಖ ಮಾತ್ರ ಗೆಲುವಾಗಿತ್ತು.

ಪ್ರಭೆ ಸುಸ್ತಾಗಿ ಕಲ್ಲಿನ ಮೇಲೆ ಕುಳಿತು ಕೇಳಿದಳು. “ಅಕ್ಕ, ಇಷ್ಟೆಲ್ಲ ಯಾಕೆ ಮೈಮೇಲೆ ಎಳ್ಕೋತೀಯ? ನಾನು ಡಾಕ್ಟರಾಗಿ ಆಯ್ತಲ್ಲ.”

“ನಿನಗೋಸ್ಕರ ಅಲ್ಲ ಕಣೇ.”

“ಮತ್ತೆ?”

“ಗೊತ್ತಿಲ್ಲ. ಬಟ್ಟೆ ಕೊಟ್ಟು ಹೋದೋರು ಕಾಯ್ತಿರ್ತಾರಲ್ಲ. ಅವಳ್ಯಾರೋ ಬಸುರಿ ಕಾಯ್ತಾ ಮಲಗಿದಾಳೆ. ಯಾರಾದ್ರೂ ಬಟ್ಟೆಗೆ ಕಾಯ್ತಾ ಕೂತಿದಾರೆ ಅಂದ್ರೆ ನನಗೆ ಅನ್ನ ಇಳಿಯಲ್ಲ. ಅದೇನು ರೋಗವೋ, ಡಾಕ್ಟರಮ್ಮ ನೀನೇ ನೋಡಿ ಹೇಳು.”

ನಾನು ಹಿಂಡುತ್ತಿದ್ದ ಹಾಸಿನ ತುದಿಯನ್ನು ಇನ್‌ಸ್ಪೆಕ್ಟರ ಕೈಗೆ ಕೊಟ್ಟು ಒಳಗೆ ಓಡಿದೆ. ಹೊಸ ಹಾಳೆ ತೆಗೆದು ತಲೆಯಲ್ಲಿ, ‘ಯಾರೂ ಬಟ್ಟೆಗಾಗಿ ಕಾಯುತ್ತ ಕೂರಬಾರದು’ ಎಂದು ಬರೆದೆ. ಈ ಸಲ ಗೆರೆಗಳು ತಾವಾಗಿಯೇ ಬಂದವು. ಇಷ್ಟು ದಿನ ಬಟ್ಟೆ ತೆಗೆದುಕೊಳ್ಳುವ ಸೇವೆ ಬಣ್ಣ ಕೇಳುತ್ತಿತ್ತು, ತೂಕ ಕೇಳುತ್ತಿತ್ತು. ಯಾವಾಗ ಬೇಕು, ಯಾತಕ್ಕೆ ಬೇಕು ಎಂದು ಕೇಳಿರಲೇ ಇಲ್ಲ. ಆ ಎರಡು ಮಾತನ್ನು ಮೊದಲ ಚೌಕದಲ್ಲಿ ಬರೆದು, ಅಲ್ಲಿಂದ ಉಳಿದೆಲ್ಲ ಚೌಕಗಳಿಗೂ ಗೆರೆ ಎಳೆದೆ. ತಾರಕ್ಕನನ್ನು ಕರೆದು ಪರದೆಯ ಮುಂದೆ ನಿಲ್ಲಿಸಿದೆ. ಅವಳು ಒದ್ದೆ ಕೈಯಲ್ಲೇ ಹಾಳೆ ಹಿಡಿದಳು. ನಾವೆಲ್ಲ ನೋಡುತ್ತ ನಿಂತಿರುವಾಗ ಒಗೆಯುವ ಯಂತ್ರಗಳು ಕೆಮ್ಮಿದಂತೆ ಮಾಡಿ, ನಡುಗಿ, ಒಂದರ ಹಿಂದೊಂದು ತಿರುಗತೊಡಗಿದವು. ಕಪಾಟುಗಳ ಬೀಗ ಕಳಚಿತು. ಪೇದೆ ಓಡಿಹೋಗಿ ಸಾಹೇಬರ ಯೂನಿಫಾರ್ಮು ತಂದುಕೊಟ್ಟ. ಅವರು ಅದನ್ನು ತೊಟ್ಟುಕೊಂಡ ಮೇಲೆ ಅವರಿಗೂ ಒಂದು ಸೆಲ್ಯೂಟ್ ಸಿಕ್ಕಿತು.

ಆಸ್ಪತ್ರೆಯ ಹಾಸುಗಳು ಮಾತ್ರ ಹಿತ್ತಲಿನ ಹಗ್ಗದ ಮೇಲೇ ಒಣಗಿದವು. ಮರುದಿನ ಹೆಣ್ಣುಮಗು ಹುಟ್ಟಿತು ಎಂದು ಸಿಸ್ಟರ್ ಹೇಳಿಕಳಿಸಿದರು. ಅವತ್ತು ಸಂಜೆ ತಾರಕ್ಕ ಮನೆಗೆ ಹೋಗಿ, ನಾಳೆ ಬೇಗ ಏಳಬೇಕು ಎಂದು ಹೇಳಿದ್ದಕ್ಕೆ ಫ್ಯಾನು ತಿರುಗಿತಂತೆ.

ಆ ನಕ್ಷೆಯೂ ಪೂರ್ತಿ ಸರಿಯಿರಲಿಲ್ಲ. ಯಾತಕ್ಕೆ ಬೇಕು ಎಂದು ಕೇಳಿದಾಗ ಜನ ತಡವರಿಸಿದರು. ವಕೀಲರೊಬ್ಬರು ತಮ್ಮ ಒಳ್ಳೆಯ ಷರಟು ಕೋರ್ಟಿಗೆ ಎಂದರು. ಯಂತ್ರ ಒಪ್ಪಲಿಲ್ಲ. ಆಮೇಲೆ ಬಗ್ಗಿ ಅದರ ಕಿವಿಯಲ್ಲಿ ಏನೋ ಹೇಳಿದರು. ಸಂಜೆಯೊಳಗೆ ಷರಟು ಸಿಕ್ಕಿತು, ಊರಿಗೆಲ್ಲ ಒಂದು ಊಹೆಯೂ ಸಿಕ್ಕಿತು. ಬೀರುವಿನಲ್ಲಿ ಇಡೋಕೆ ಎಂದವರ ಬಟ್ಟೆ ಸಾಲಿನ ಕೊನೆಗೆ ಹೋಗುತ್ತಿತ್ತು. ನಾನು ವಾರಕ್ಕೊಮ್ಮೆ ಹೋಗಿ ತಿದ್ದುತ್ತಿದ್ದೆ. ಅಳಿಸಿ ಅಳಿಸಿ ಹಾಳೆ ತೆಳ್ಳಗಾದಾಗ ಹೊಸ ಹಾಳೆಗೆ ಇಳಿಸುತ್ತಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ನಿವೃತ್ತ ಡ್ರಿಲ್ ಮೇಷ್ಟ್ರು ಹಾಲಪ್ಪನವರು ಬಂದರು. ಎಂಬತ್ತು ದಾಟಿದ ಮನುಷ್ಯ, ಬೆನ್ನು ಇನ್ನೂ ನೆಟ್ಟಗೆ. ಒಂದು ಬಿಳಿ ಪಂಚೆ, ಒಂದು ಬಿಳಿ ಅಂಗಿಯನ್ನು ಕಟ್ಟೆಯ ಮೇಲಿಟ್ಟರು. ಯಂತ್ರ ಕೇಳಿತು, ಯಾತಕ್ಕೆ ಬೇಕು?

“ನಾನು ಸತ್ತಾಗ ಉಡಿಸೋಕೆ,” ಎಂದರು ಮೇಷ್ಟ್ರು. “ಒಬ್ಬಂಟಿ ಮನುಷ್ಯ. ಆಗ ಯಾರು ಹುಡುಕ್ತಾರೆ? ಸಿದ್ಧವಾಗಿ ಇಲ್ಲೇ ಇರಲಿ.”

ಯಾವಾಗ ಬೇಕು?

“ಅದು ನನಗೇನು ಗೊತ್ತಪ್ಪ.”

ಯಂತ್ರ ಬಹಳ ಹೊತ್ತು ಯೋಚಿಸಿತು. ಆ ಹೊತ್ತಿನಲ್ಲಿ ಬೇರೆಯವರ ಬಟ್ಟೆಗಳೆಲ್ಲ ನಿಂತವು. ಕೊನೆಗೆ ಪಂಚೆ ಅಂಗಿಯನ್ನು ಒಳಗೆ ತೆಗೆದುಕೊಂಡಿತು. ಯಾವತ್ತು ಬೇಕಾಗುತ್ತದೋ ಗೊತ್ತಿಲ್ಲದ್ದರಿಂದ, ಯಾವತ್ತು ಬೇಕಾದರೂ ಸಿಗಲಿ ಎಂದು ದಿನವೂ ಅವನ್ನು ಹೊಸದಾಗಿ ಒಗೆದು, ಗಂಜಿ ಹಾಕಿ, ದಾದಾಪೀರ್ ಸಾಬರ ಕೈಯಿಂದ ಇಸ್ತ್ರಿ ಮಾಡಿಸಿ, ಸಂಜೆಗೆ ಕಟ್ಟೆಯ ಮೇಲೆ ಇಡತೊಡಗಿತು. ಮೇಷ್ಟ್ರು ದಿನಾ ಸಂಜೆ ನಡೆದುಕೊಂಡು ಬಂದು ಮಡಿಕೆ ನೋಡುತ್ತಾರೆ. ಕಾಲರು ಮುಟ್ಟಿ ನೋಡುತ್ತಾರೆ. ಗಂಜಿ ಹೆಚ್ಚಾದರೆ ಹೇಳುತ್ತಾರೆ. ತಾರಕ್ಕ ಚಹಾ ತರಿಸುತ್ತಾಳೆ. ಅರ್ಧ ಗಂಟೆ ಕೂತು ಪೊಲೀಸರ ಪೆರೇಡು ಈಗೀಗ ಹೇಗೆ ಹಾಳಾಗಿದೆ ಎಂದು ಮಾತಾಡಿ, “ಇವತ್ತು ಬೇಕಾಗಲಿಲ್ಲ, ನಾಳೆ ನೋಡೋಣ,” ಎಂದು ಎದ್ದು ಹೋಗುತ್ತಾರೆ.

ನನಗೆ ಇದು ತಪ್ಪು ಅನ್ನಿಸಿತು. ದಿನಾ ಒಗೆದರೆ ಸೋಪು ದಂಡ, ಬಟ್ಟೆಯೂ ದಂಡ. ಒಂದು ಚೌಕ ಸೇರಿಸಿದರೆ ಸರಿಹೋಗುತ್ತದೆ ಎಂದು ಪೆನ್ಸಿಲು ಹಿಡಿದುಕೊಂಡು ಹೋದೆ. ತಾರಕ್ಕ ನನ್ನ ಕೈ ತಡೆದಳು.

“ಬಿಡೋ, ಅದೊಂದು ಹಂಗೇ ಇರಲಿ.”

“ಒಗೆದು ಒಗೆದು ಹರಿದುಹೋಗುತ್ತೆ ತಾರಕ್ಕ.”

“ಹೋಗ್ಲಿ.”

ಹೋಯಿತು. ಮೊದಲ ಪಂಚೆ ದೀಪಾವಳಿಗೆ ಹರಿಯಿತು, ಎರಡನೆಯದು ಮಾವಿನಕಾಯಿ ಬರುವ ಹೊತ್ತಿಗೆ. ಮೊನ್ನೆ ಹಾಲಪ್ಪ ಮೇಷ್ಟ್ರು ಜವಳಿ ಅಂಗಡಿಗೆ ಹೋಗಿ, ಇದು ಸ್ವಲ್ಪ ಗಟ್ಟಿ ನೂಲಿನದು, ಬಾಳಿಕೆ ಬರುತ್ತದೆ ಎಂದು ಚೌಕಾಸಿ ಮಾಡಿ ಮೂರನೆಯ ಪಂಚೆ ತಂದುಕೊಟ್ಟರು.